45 ಅಡಿ ದಾಟಿದ ಕೂಡಲೇ ಲೀಡರ್‌ನಲ್ಲಿ ಗಂಟು: ಫ್ಲೈ ಕ್ಯಾಸ್ಟಿಂಗ್‌ನಲ್ಲಿ ಮುಂದೇನು ಕಲಿಯಬೇಕು?

ಹೊಸಗಾಳ:
ಎಲ್ಲರಿಗೂ ನಮಸ್ಕಾರ. ಫ್ಲೈ ಕ್ಯಾಸ್ಟಿಂಗ್, ಅಂದರೆ ಹುಳದಂತೆ ಕಾಣುವ ಹಗುರ ಕೃತಕ ಗಾಳವನ್ನು (ಫ್ಲೈ) ಲೈನಿನ ಭಾರದಿಂದಲೇ ಬೀಸಿ ಎಸೆಯೋದು, ಕಲೀತಿದ್ದೀನಿ. ರಾಡ್ 9 ಅಡಿ, 5 ವೇಟ್ (ವೇಟ್ ಅಂದರೆ ಲೈನಿನ ಭಾರದ ದರ್ಜೆ). ಲೈನ್ ವೇಟ್ ಫಾರ್ವರ್ಡ್ ಫ್ಲೋಟಿಂಗ್, ಅದರ ತುದಿಗೆ ಕಟ್ಟುವ ತೆಳು ದಾರ, ಅಂದರೆ ಲೀಡರ್, 9 ಅಡಿಯ 5ಎಕ್ಸ್ (ಎಕ್ಸ್ ಸಂಖ್ಯೆ ಹೆಚ್ಚಿದಷ್ಟೂ ದಾರ ತೆಳು), ತುದಿಗೆ ಗಾಳದ ಬದಲು ಕೆಂಪು ಉಲ್ಲನ್ ಎಳೆ. ಅಭ್ಯಾಸ ಬೆಂಗಳೂರಿನ ಒಂದು ಹುಲ್ಲಿನ ಮೈದಾನದಲ್ಲಿ.

30 ಅಡಿ ಲೈನ್ ಹೊರಗಿದ್ದಾಗ ಸಲೀಸು. 45ಕ್ಕೆ ಹೋದರೆ, ಗಾಳಿಯಲ್ಲಿ ಲೈನ್ ಮಡಚಿಕೊಂಡು ಆಗುವ ಲೂಪ್‌ನ ಮೇಲಿನ ಕಾಲು ಕೆಳಗಿನದಕ್ಕೆ ಬಡಿಯುತ್ತೆ, ನಾಲ್ಕೈದು ಕ್ಯಾಸ್ಟ್‌ಗೊಮ್ಮೆ ಲೀಡರ್‌ನಲ್ಲಿ ಗಂಟು. ಕೆಲವೊಮ್ಮೆ ಹಿಂದುಗಡೆ ಚಾಟಿ ಹೊಡೆದಂಥ ಸದ್ದು ಬರುತ್ತೆ. ಏಪ್ರಿಲ್‌ನಲ್ಲಿ ಹಿಮಾಚಲದ ತೀರ್ಥನ್ ನದಿಗೆ ಟ್ರೌಟ್ ಹಿಡಿಯೋಕೆ ಹೋಗೋದಿದೆ. ಡಬಲ್ ಹಾಲ್ (ಹಿಂದಕ್ಕೂ ಮುಂದಕ್ಕೂ ಬೀಸುವಾಗ ಇನ್ನೊಂದು ಕೈಯಿಂದ ಲೈನ್ ಎಳೆಯೋದು) ಕಲಿತರೆ ಇದು ಸರಿಹೋಗುತ್ತಾ? ಇಲ್ಲಿಂದ ಮುಂದೆ ಯಾವುದರ ನಂತರ ಯಾವುದು ಕಲಿಯಬೇಕು?

ನೇರದಾರಿ:
ಡಬಲ್ ಹಾಲ್ ಸದ್ಯಕ್ಕೆ ಬೇಡ. ತಪ್ಪಿರುವ ಕ್ಯಾಸ್ಟ್‌ಗೆ ಹಾಲ್ ಸೇರಿಸಿದರೆ ತಪ್ಪೇ ಜೋರಾಗುತ್ತೆ, ಅಷ್ಟೇ.

ನೀವು ಹೇಳ್ತಿರೋದು ಟೇಲಿಂಗ್ ಲೂಪ್. ರಾಡ್‌ನ ತುದಿ ನೇರ ಗೆರೆಯಲ್ಲಿ ಹೋದರೆ ಲೂಪ್ ಚಿಕ್ಕದಾಗಿ, ಚೂಪಾಗಿ ಬರುತ್ತೆ. ತುದಿ ಕಾಮನಬಿಲ್ಲಿನ ಹಾಗೆ ಮೇಲೆದ್ದು ಇಳಿದರೆ ಲೂಪ್ ಅಗಲ. ಜೋಕಾಲಿಯ ಹಗ್ಗದ ಹಾಗೆ ನಡುವೆ ಜಗ್ಗಿ ಮತ್ತೆ ಮೇಲೆದ್ದರೆ ಮೇಲಿನ ಕಾಲು ಕೆಳಗಿಳಿದು ಕೆಳಗಿನದನ್ನು ದಾಟುತ್ತೆ. ನಿಮ್ಮದು ಈ ಮೂರನೆಯದು. ತುದಿ ಜಗ್ಗೋದು ಯಾಕೆ ಅಂದರೆ ಲೈನ್ ಉದ್ದವಾದಷ್ಟೂ ಭಾರ ಹೆಚ್ಚು, ರಾಡ್ ಹೆಚ್ಚು ಬಾಗುತ್ತೆ. ನೀವು ಮಾತ್ರ 30 ಅಡಿಗೆ ಬೀಸಿದಷ್ಟೇ ದೂರ ಬೀಸಿ, ಕೊರತೆಯನ್ನು ಬಲದಿಂದ ತುಂಬೋಕೆ ನೋಡ್ತಿದ್ದೀರಿ. ಬಲ ಶುರುವಿನಲ್ಲೇ ಬಿದ್ದರಂತೂ ಖಂಡಿತ ಗಂಟು. ಇದನ್ನು 'ವಿಂಡ್ ನಾಟ್' ಅಂತ ಕರೆದು ಗಾಳಿಯ ತಲೆಗೆ ಕಟ್ತಾರೆ, ಗಾಳಿಯದೇನೂ ತಪ್ಪಿಲ್ಲ. ಗಂಟು ಕಂಡರೆ ಬಿಡಿಸಿ, ಬಿಗಿದುಹೋಗಿದ್ದರೆ ಆ ಟಿಪ್ಪೆಟ್ (ಲೀಡರ್‌ನ ತೀರಾ ತೆಳು ತುದಿ) ಕತ್ತರಿಸಿ. ಅದರ ಬಲ ಹೆಚ್ಚುಕಡಿಮೆ ಅರ್ಧಕ್ಕಿಳಿದಿರುತ್ತೆ.

ಚಾಟಿ ಸದ್ದು ಬೇರೆ ತಪ್ಪು. ಲೈನ್ ಹಿಂದೆ ಪೂರ್ತಿ ಬಿಚ್ಚಿಕೊಳ್ಳೋಕೆ ಮುಂಚೆ ಮುಂದಕ್ಕೆ ಎಳೀತಿದ್ದೀರಿ. ನದಿಯಲ್ಲಿ ಹೀಗೆ ಮಾಡಿದರೆ ಫ್ಲೈ ಕಿತ್ತು ಹಾರಿಹೋಗುತ್ತೆ.

ಅಮೆರಿಕದ ಕ್ಯಾಸ್ಟಿಂಗ್ ಶಿಕ್ಷಕರಾದ ಗ್ಯಾಮೆಲ್ ತಂದೆ-ಮಗ ಹೇಳಿದ ಐದು ಮೂಲಸೂತ್ರಗಳನ್ನೇ ಇವತ್ತಿಗೂ ಬಹುತೇಕ ಶಿಕ್ಷಕರು ಇಟ್ಟುಕೊಂಡು ಕಲಿಸ್ತಾರೆ: ತುದಿ ನೇರ ಹೋಗಬೇಕು, ಲೈನ್ ಉದ್ದವಾದಂತೆ ಬೀಸೂ ಉದ್ದವಾಗಬೇಕು, ಬಲ ಸರಿಯಾದ ಜಾಗದಲ್ಲಿ ಸರಿಯಾದ ಪ್ರಮಾಣದಲ್ಲಿ ಬೀಳಬೇಕು, ಲೈನ್ ಉದ್ದಕ್ಕೆ ತಕ್ಕಂತೆ ಕಾಯಬೇಕು, ಲೈನ್‌ನಲ್ಲಿ ಸಡಿಲ ಇರಬಾರದು. ನಿಮಗೆ ತಪ್ಪಿರೋದು ಎರಡು, ಮೂರು, ನಾಲ್ಕು.

ಈ ಅಭ್ಯಾಸ ಮಾಡಿ. ರಾಡನ್ನು ನೆಲಕ್ಕೆ ಸಮಾಂತರವಾಗಿ ಸೊಂಟದ ಎತ್ತರಕ್ಕೆ ಹಿಡಿದು ಅಡ್ಡಡ್ಡ ಬೀಸಿ. 25 ಅಡಿ ಲೈನ್ ಸಾಕು. ಪ್ರತಿ ಬೀಸಿನ ಕೊನೆಗೆ ರಾಡ್ ನಿಲ್ಲಿಸಿ, ಲೈನ್ ಹುಲ್ಲಿನ ಮೇಲೆ ಬೀಳಲಿ. ಹಿಂದೆ ಬಿದ್ದ ಲೈನ್ ನೂಲು ಹಿಡಿದ ಹಾಗಿದೆಯಾ, ಹಾವಿನ ಹಾಗಿದೆಯಾ ಅಂತ ನೋಡಿ, ಆಮೇಲೆ ಮುಂದಕ್ಕೆ ಬೀಸಿ. ಲೂಪ್ ಕಣ್ಣೆದುರೇ ಮಲಗಿ ಹೋಗೋದರಿಂದ ಯಾವ ಕ್ಷಣಕ್ಕೆ ಕೆಡ್ತು ಅಂತ ತಾನಾಗಿ ಗೊತ್ತಾಗುತ್ತೆ. ಬಲದ ಹಂಚಿಕೆಗೆ ಸುಣ್ಣದ ಬ್ರಷ್ ನೆನಪಿಸಿಕೊಳ್ಳಿ. ಹಿಂದಿನ ಗೋಡೆಗೆ ಸುಣ್ಣ ಚಿಮ್ಮಿಸಬೇಕಾದರೆ ನಿಧಾನ ಶುರು ಮಾಡಿ, ವೇಗ ಏರಿಸ್ತಾ ಹೋಗಿ, ಕೊನೆಗೆ ಗಕ್ಕನೆ ನಿಲ್ಲಿಸ್ತೀವಲ್ಲ, ಅದೇ. ಶುರುವಿನಲ್ಲೇ ಜಾಡಿಸಿದರೆ ಸುಣ್ಣ ನಮ್ಮ ಮೇಲೇ ಬೀಳುತ್ತೆ.

ಹೊಳೆಸಾಲು:
ನೇರದಾರಿಯವರು ಹೇಳಿದ್ದು ಸರಿ. ಆದರೆ ಒಂದು ಬಿಟ್ಟಿದ್ದಾರೆ. ವೇಟ್ ಫಾರ್ವರ್ಡ್ ಲೈನ್‌ನಲ್ಲಿ ದಪ್ಪ ಭಾಗ, ಅಂದರೆ ಹೆಡ್, ಮುಂದಿರುತ್ತೆ. ಹಿಂದಿನದೆಲ್ಲ ತೆಳು ರನ್ನಿಂಗ್ ಲೈನ್. ಹೆಡ್ ಎಷ್ಟು ಉದ್ದ ಅಂತ ಡಬ್ಬಿಯ ಮೇಲೆ ನೋಡಿ. ಅದು 35 ಅಡಿ ಇದ್ದು ನೀವು 45 ಅಡಿಯನ್ನು ಗಾಳಿಯಲ್ಲಿ ಆಡಿಸ್ತಿದ್ದರೆ, ರಾಡ್ ತುದಿಗೂ ಹೆಡ್‌ಗೂ ನಡುವೆ 10 ಅಡಿ ತೆಳು ಲೈನ್ ನೇತಾಡ್ತಿದೆ ಅಂತಾಯ್ತು. ಅದು ದಪ್ಪ ಹೆಡ್‌ಗೆ ಶಕ್ತಿಯನ್ನು ನೆಟ್ಟಗೆ ದಾಟಿಸೋದಿಲ್ಲ. ಒಳ್ಳೆ ಕೈಯವರಿಗೂ ಅಲ್ಲಿ ಲೂಪ್ ಕುಸಿಯುತ್ತೆ.

ಹೆಡ್ ಮುಗಿದು ಎರಡು ಮೂರು ಅಡಿ ಆಚೆ ಪರ್ಮನೆಂಟ್ ಮಾರ್ಕರ್‌ನಿಂದ ಗುರುತು ಹಾಕಿ. ಗುರುತು ರಾಡ್ ತುದಿ ದಾಟದ ಹಾಗೆ ಆಡಿಸಿ, ಮಿಕ್ಕಿದ್ದನ್ನು ಕೊನೆಯ ಮುಂದಿನ ಬೀಸಿನಲ್ಲಿ ಬಿಟ್ಟುಬಿಡಿ. ಬಿಡೋದು ರಾಡ್ ನಿಂತ ಮೇಲೆ. ಒಂದು ಕ್ಷಣ ಮೊದಲೇ ಬೆರಳು ಸಡಿಲಿಸಿದರೆ ಲೂಪ್ ಸತ್ತುಹೋಗುತ್ತೆ. 38 ಅಡಿ ಆಡಿಸಿ 10 ಅಡಿ ಬಿಟ್ಟರೆ, 9 ಅಡಿ ಲೀಡರ್ ಸೇರಿ 57 ಅಡಿ ಆಯ್ತಲ್ಲ.

ತೀರ್ಥನ್‌ನಲ್ಲಿ ಅಷ್ಟು ದೂರ ಬೇಕಾಗೋದೇ ಅಪರೂಪ. ಬಂಡೆ, ಬಂಡೆಯ ಹಿಂದೆ ನಿಂತ ನೀರು, ಬೆನ್ನಿಗೆ ಮರ. 20ರಿಂದ 35 ಅಡಿಯೊಳಗೆ ತಟ್ಟೆಯಗಲದ ಜಾಗಕ್ಕೆ ಫ್ಲೈ ಇಳಿಸೋದೇ ಅಲ್ಲಿನ ವಿದ್ಯೆ. ಹಾಗಾಗಿ ನಿಮಗೆ ಮೊದಲು ರೋಲ್ ಕ್ಯಾಸ್ಟ್, ಅಂದರೆ ಲೈನನ್ನು ಹಿಂದಕ್ಕೆ ಹಾರಿಸದೆ ಎಸೆಯೋದು, ಬೇಕು. ಲೈನನ್ನು ನೀರಿನ ಮೇಲೆ ನಿಧಾನಕ್ಕೆ ಎಳೆದು ತನ್ನಿ, ರಾಡ್ ಭುಜದ ಹಿಂದಕ್ಕೆ ವಾಲಲಿ, ಅಲ್ಲಿ ಪೂರ್ತಿ ನಿಲ್ಲಿಸಿ. ರಾಡ್ ಹಿಂದೆ ಲೈನ್ ಇಂಗ್ಲಿಷ್ 'ಡಿ' ಅಕ್ಷರದ ಹೊಟ್ಟೆಯ ಹಾಗೆ ಜೋತುಬೀಳುತ್ತೆ. ಲೈನಿನ ತುದಿ ಮತ್ತು ಲೀಡರ್ ನಿಮ್ಮ ಮುಂದೆ, ಪಕ್ಕಕ್ಕೆ ನೀರಲ್ಲೇ ಅಂಟಿಕೊಂಡಿರಬೇಕು. ಆಮೇಲೆ ಮಾಮೂಲಿ ಮುಂದಿನ ಬೀಸು, ಎತ್ತರದಲ್ಲೇ ನಿಲ್ಲಿಸಬೇಕು. ಎಲ್ಲರೂ ಮಾಡೋ ತಪ್ಪು ಅಂದರೆ ಕೊಡಲಿ ಹೊಡೆದ ಹಾಗೆ ರಾಡನ್ನು ನೀರಿನತ್ತ ಇಳಿಸೋದು. ಆಗ ಲೈನ್ ಕಾಲಬುಡದಲ್ಲೇ ಗುಡ್ಡೆ ಬೀಳುತ್ತೆ. ಹುಲ್ಲು ನೀರಿನಂತೆ ಲೈನನ್ನು ಹಿಡಿಯೋಲ್ಲ, ಆದ್ದರಿಂದ ಮೈದಾನದಲ್ಲಿ ಲೀಡರ್ ತುದಿಯನ್ನು ಪರೀಕ್ಷೆಗೆ ಒಯ್ಯೋ ಕ್ಲಿಪ್ ಇರುವ ರಟ್ಟಿಗೆ ಸಿಕ್ಕಿಸಿಕೊಳ್ಳಿ.

ಎರಡನೆಯದು ರೀಚ್ ಕ್ಯಾಸ್ಟ್. ರಾಡ್ ನಿಂತು ಲೂಪ್ ಬಿಚ್ಚಿಕೊಳ್ತಿರುವಾಗಲೇ ರಾಡನ್ನು ಪ್ರವಾಹದ ಮೇಲ್ಗಡೆಗೆ ವಾಲಿಸಿ, ಜೊತೆಗೇ ಕೈಯಿಂದ ಸ್ವಲ್ಪ ಲೈನ್ ಬಿಡ್ತಾ ಹೋಗಿ. ಲೈನ್ ಬಿಡದಿದ್ದರೆ ಫ್ಲೈ ಗುರಿಯಿಂದ ಹಿಂದಕ್ಕೆ ಜಗ್ಗುತ್ತೆ. ಸರಿಯಾದರೆ ಲೈನ್ ಮೇಲ್ಗಡೆ, ಫ್ಲೈ ಕೆಳಗಡೆ ಬೀಳುತ್ತೆ, ಪ್ರವಾಹ ಲೈನನ್ನು ಎಳೆದು ಫ್ಲೈ ಕದಲಿಸೋಕೆ ಇನ್ನಷ್ಟು ಹೊತ್ತು ಹಿಡಿಯುತ್ತೆ.

ಅಂದಹಾಗೆ ಅಲ್ಲಿ ಮೀನುಗಾರಿಕೆ ಇಲಾಖೆಯ ಪರ್ಮಿಟ್ ಕಡ್ಡಾಯ. ಹೋಗುವ ಮುನ್ನ ಮಾಡಿಸಿಕೊಳ್ಳಿ.

ಹೊಸಗಾಳ:
ಇಬ್ಬರಿಗೂ ಧನ್ಯವಾದ. ಹೆಡ್ 36 ಅಡಿ ಅಂತ ಡಬ್ಬಿಯ ಮೇಲಿದೆ, ಗುರುತು ಹಾಕಿದೆ. ಎರಡು ಅನುಮಾನ. ಹಿಂದೆ ಕಾಯುವಾಗ ಕೈ ತಾನಾಗಿ ಮುಂದಕ್ಕೆ ಜಾರುತ್ತೆ, ಇದಕ್ಕೇನು ಮಾಡಲಿ? ಮಣಿಕಟ್ಟು ಆಡಿಸಲೇಬಾರದು ಅಂತ ಕೆಲವರು ಹೇಳ್ತಾರೆ, ನಿಜವಾ?

ನೇರದಾರಿ:
ಜಾರೋದಕ್ಕೆ ಕ್ರೀಪ್ ಅಂತಾರೆ. ನಿಮ್ಮ ಟೇಲಿಂಗ್ ಲೂಪ್‌ಗೆ ಅದೂ ಒಂದು ಕಾರಣ, ಯಾಕಂದರೆ ಮುಂದಕ್ಕೆ ಬೀಸೋಕೆ ಇದ್ದ ಜಾಗವನ್ನು ಮೊದಲೇ ತಿಂದುಬಿಟ್ಟಿರ್ತೀರಿ. ಜಾರಬಾರದು ಅಂತ ಹಲ್ಲುಕಚ್ಚಿ ನಿಲ್ಲೋಕಿಂತ ಕೈಗೆ ಬೇರೆ ಕೆಲಸ ಕೊಡಿ: ರಾಡ್ ಹಿಂದೆ ನಿಂತ ಮೇಲೆ, ಲೈನ್ ಬಿಚ್ಚಿಕೊಳ್ತಿರುವಾಗ ಕೈಯನ್ನು ಮೆಲ್ಲಗೆ ಹಿಂದಕ್ಕೆ, ಮೇಲಕ್ಕೆ ಒಂದು ಗೇಣು ಸರಿಸಿ. ಇದು ಡ್ರಿಫ್ಟ್. ಬೀಸಲು ಜಾಗವೂ ಸಿಗುತ್ತೆ. ಒಂದು ಕಾಲು ಹಿಂದಿಟ್ಟು ನಿಂತು, ತಲೆ ತಿರುಗಿಸಿ ಹಿಂದಿನ ಲೂಪನ್ನು ಕಣ್ಣಾರೆ ನೋಡಿ. ಬಿಚ್ಚಿ ಮುಗಿಯೋದಕ್ಕೆ ಇನ್ನೇನು ಕೊಕ್ಕೆಯಷ್ಟು ಉಳಿದಿದೆ ಅನ್ನುವಾಗ ಮುಂದಕ್ಕೆ ಶುರು ಮಾಡಿ.

ಮಣಿಕಟ್ಟು ಆಡಿಸಬಾರದು ಅನ್ನೋದು ಅರ್ಧ ಸತ್ಯ. ಶುರುವಿನಿಂದಲೇ ಮುರಿದರೆ ಲೂಪ್ ಬಾಗಿಲಷ್ಟು ಅಗಲ. ಆದರೆ ನಿಲ್ಲಿಸುವ ಮುಂಚಿನ ಆ ಸಣ್ಣ ತಿರುವು ಮಣಿಕಟ್ಟಿನಿಂದಲೇ ಬರಬೇಕು. ಅಮೆರಿಕದ ಹೆಸರಾಂತ ಕ್ಯಾಸ್ಟಿಂಗ್ ಶಿಕ್ಷಕಿ ಜೋನ್ ವುಲ್ಫ್ ಇದಕ್ಕೆ ಪವರ್ ಸ್ನ್ಯಾಪ್ ಅಂತ ಹೆಸರಿಟ್ಟು ಕಲಿಸಿದರು. ರಾಡಿನ ಬುಡ ಮುಂಗೈಯಿಂದ ತೀರಾ ದೂರ ಹೋಗದಿರಲಿ. ಹೋಗ್ತಿದ್ದರೆ ಬುಡವನ್ನು ತುಂಬುತೋಳಿನ ಅಂಗಿಯ ಕಫ್ ಒಳಗೆ ತೂರಿಸಿ ಹತ್ತು ನಿಮಿಷ ಆಡಿ.

ಗಾಳಿಮುಖ:
ಡಬಲ್ ಹಾಲ್ ಸದ್ಯಕ್ಕೆ ಬೇಡ ಅಂದರೇ ಹೊರತು ಹೇಗೆ ಮಾಡೋದು ಅಂತ ಯಾರೂ ಹೇಳಲಿಲ್ಲ, ಮುಂದಕ್ಕೆ ಬೇಕಾಗುತ್ತೆ. ಉತ್ತರಾಖಂಡದ ರಾಮಗಂಗಾ ನದಿಯಂಥ ಕಡೆ ಮಹಶೀರ್ ಮೀನಿಗೆ 8 ವೇಟ್ ರಾಡ್, ದೊಡ್ಡ ಸ್ಟ್ರೀಮರ್ (ಮರಿಮೀನಿನಂಥ ಫ್ಲೈ) ಎಸೆಯೋವಾಗ ಅದಿಲ್ಲದೆ ಭುಜ ಉಳಿಯೋಲ್ಲ.

ಅದನ್ನೂ ಅಡ್ಡ ಬೀಸಿನಲ್ಲೇ ಕಲಿಯಿರಿ. ಹಿಂದಕ್ಕೆ ಬೀಸುವಾಗ, ನಿಲ್ಲಿಸುವ ಮುಂಚಿನ ತಿರುವಿನ ಜೊತೆಗೇ ಎಡಗೈಯಿಂದ ಲೈನನ್ನು ಒಂದು ಗೇಣು ಎಳೆಯಿರಿ, ತಕ್ಷಣ ಎಡಗೈಯನ್ನು ರೀಲ್ ಕಡೆಗೆ ವಾಪಸ್ ಬಿಡಿ, ಲೈನ್ ಬೀಳಲಿ. ಇದೊಂದೇ ಕೂತ ಮೇಲೆ ಮುಂದಿನ ಬೀಸಿಗೆ ಬೇರೆಯಾಗಿ ಮಾಡಿ, ಕೊನೆಗೆ ಎರಡನ್ನೂ ಜೋಡಿಸಿ. ಎಳೆತ ರಾಡ್ ನಿಲ್ಲುವಾಗಲೇ ಮುಗಿಯಬೇಕು. ಮೊದಲೇ ಮುಗಿದರೆ ಮತ್ತೆ ಟೇಲಿಂಗ್ ಲೂಪ್. ಎಡಗೈಗೂ ರಾಡ್‌ನ ಮೊದಲ ರಿಂಗಿಗೂ ನಡುವೆ ಲೈನ್ ಜೋತುಬಿದ್ದರೆ, ಬಿಚ್ಚಿಕೊಳ್ಳುವ ಲೈನ್ ಎಳೆದುಕೊಳ್ಳೋಕಿಂತ ಬೇಗ ಕೈ ವಾಪಸ್ ಕೊಟ್ಟಿದ್ದೀರಿ ಅಂತ ಅರ್ಥ. ಗೇಣಿನ ಎಳೆತ ಹದಕ್ಕೆ ಬಂದ ಮೇಲೆ, ಉದ್ದ ಲೈನ್‌ಗೆ ಮೊಳದವರೆಗೂ ಹೋಗಬಹುದು.

ಎದುರುಗಾಳಿಗೆ: ಹಿಂದಿನ ಬೀಸು ಎತ್ತರಕ್ಕೆ, ಮುಂದಿನದು ತಗ್ಗಿಗೆ, ಲೂಪ್ ನೀರಿನ ಹತ್ತಿರ ಬಿಚ್ಚಿಕೊಳ್ಳಲಿ. ಬಲಗೈಯವರಿಗೆ ಬಲದಿಂದ ಗಾಳಿ ಬಂದರೆ ಫ್ಲೈ ಮುಖಕ್ಕೆ ಬರುತ್ತೆ. ರಾಡ್ ತುದಿಯನ್ನು ತಲೆಯ ಮೇಲಿಂದ ಎಡಭುಜದ ಕಡೆಗೆ ವಾಲಿಸಿ ಬೀಸಿ. ಟೋಪಿ, ಕನ್ನಡಕ ಇಲ್ಲದೆ ಇದನ್ನು ಮಾಡಲೇಬೇಡಿ, ಉಲ್ಲನ್ ಎಳೆ ಕಟ್ಟಿದ್ದರೂ ಸರಿ.

ಹೊಳೆಸಾಲು:
ಇನ್ನೊಂದು ಮಾತು. ಮೈದಾನಕ್ಕೆ 5ಎಕ್ಸ್ ಲೀಡರ್ ದಂಡ, ಏಳೂವರೆ ಅಡಿಯ 2ಎಕ್ಸ್ ಅಥವಾ 3ಎಕ್ಸ್ ಹಾಕಿ. ಕಾಂಕ್ರೀಟ್, ಟಾರ್ ಮೇಲೆ ಲೈನ್ ಎಳೆದರೆ ಮೇಲಿನ ಲೇಪ ಕೆರೆದುಹೋಗಿ ತೇಲೋದೇ ನಿಲ್ಲಿಸುತ್ತೆ. ಹುಲ್ಲಾದರೂ ದೂಳು ಹಿಡಿಯುತ್ತೆ, ವಾರಕ್ಕೊಮ್ಮೆ ಉಗುರುಬೆಚ್ಚಗಿನ ನೀರಿಗೆ ಎರಡು ಹನಿ ಸೌಮ್ಯ ಸೋಪು ಹಾಕಿ, ಬಟ್ಟೆಯಲ್ಲಿ ಒರೆಸಿ, ನೆರಳಲ್ಲಿ ಒಣಗಿಸಿ. ಒಂದೇ ದಿನ ಎರಡು ಗಂಟೆ ಬೀಸೋಕಿಂತ ದಿನಾ 15 ನಿಮಿಷ ಮೇಲು. ಮಣಿಕಟ್ಟು ದಣಿದ ಮೇಲೆ ಕಲಿಯೋದೆಲ್ಲ ತಪ್ಪೇ.