ಕಡಿಮೆ ಖರ್ಚಿನಲ್ಲಿ ವೈಡ್ ಆ್ಯಂಗಲ್ ಲೆನ್ಸ್: ಯಾವುದನ್ನು ಆರಿಸಿಕೊಳ್ಳಬೇಕು?

ಪ್ರಶ್ನೆ:
ನಮಸ್ಕಾರ ಸರ್. ನನ್ನ ಬಳಿ ಕ್ರಾಪ್ ಸೆನ್ಸರಿನ (ಚಿತ್ರ ಹಿಡಿಯುವ ಭಾಗ ಚಿಕ್ಕದಾಗಿರುವ) ಕ್ಯಾನನ್ ಡಿಎಸ್ಎಲ್ಆರ್ ಕ್ಯಾಮೆರಾ ಇದೆ. ಅದರೊಂದಿಗೆ ಬಂದ 18-55 ಮಿ.ಮೀ. ಕಿಟ್ ಲೆನ್ಸ್ ಒಂದೇ ಇದುವರೆಗೆ ನಾನು ಬಳಸಿರುವ ಲೆನ್ಸ್. ಮನೆಗಳ ಒಳಾಂಗಣ ಮತ್ತು ಹಳೆಯ ಕಟ್ಟಡಗಳ ಚಿತ್ರ ತೆಗೆಯುವುದರಲ್ಲಿ ನನಗೆ ಹೆಚ್ಚಿನ ಆಸಕ್ತಿ. ಆದರೆ ಕೋಣೆಯ ಮೂಲೆಗೆ ಬೆನ್ನು ತಾಗುವಷ್ಟು ಹಿಂದೆ ಸರಿದರೂ ಎದುರಿನ ಗೋಡೆ ಪೂರ್ತಿಯಾಗಿ ಚೌಕಟ್ಟಿನೊಳಗೆ ಬರುವುದಿಲ್ಲ. ಕ್ಯಾನನ್ 10-18 ಎಫ್/4.5-5.6, ಸೆಕೆಂಡ್ ಹ್ಯಾಂಡ್ ಟೋಕಿನಾ 11-16 ಎಫ್/2.8, ಮ್ಯಾನುಯಲ್ ಫೋಕಸ್ಸಿನ ಸ್ಯಾಮ್ಯಾಂಗ್ 14 ಎಫ್/2.8 ಈ ಮೂರರಲ್ಲಿ ಒಂದನ್ನು ಕೊಳ್ಳಬೇಕೆಂದಿದ್ದೇನೆ. ಹೆಚ್ಚು ಬೆಳಕು ಒಳಬಿಡುವ ಎಫ್/2.8 ಲೆನ್ಸನ್ನೇ ತೆಗೆದುಕೊಳ್ಳಿ ಎಂದು ಸ್ನೇಹಿತರು ಹೇಳುತ್ತಿದ್ದಾರೆ. ತಾವು ಏನು ಹೇಳುತ್ತೀರಿ?

ಉತ್ತರ:
ನಮಸ್ಕಾರ ಮೇಡಂ. ನೀವು ಹೇಳಿರುವ ಕೆಲಸಕ್ಕೆ ಕ್ಯಾನನ್ 10-18 ಲೆನ್ಸನ್ನೇ ತೆಗೆದುಕೊಳ್ಳಿ. ಕಾರಣಗಳನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಏಕೆಂದರೆ ಇದೇ ಗೊಂದಲದಲ್ಲಿರುವವರು ಗುಂಪಿನಲ್ಲಿ ಇನ್ನೂ ಹಲವರಿದ್ದಾರೆ.

ನಿಮ್ಮ ತೊಂದರೆ ಬೆಳಕಿನದಲ್ಲ, ಜಾಗದ್ದು. ಆದ್ದರಿಂದ ಮೊದಲು ನೋಡಬೇಕಾದದ್ದು ಯಾವ ಲೆನ್ಸ್ ಎಷ್ಟು ಅಗಲವನ್ನು ಕಾಣಿಸುತ್ತದೆ ಎಂಬುದನ್ನು. ಮಿ.ಮೀ. ಸಂಖ್ಯೆ ಚಿಕ್ಕದಾದಷ್ಟು ನೋಟ ಅಗಲ. ನಿಮ್ಮ ಕ್ಯಾಮೆರಾದ ಸೆನ್ಸರ್ ಸುಮಾರು 22.3 ಮಿ.ಮೀ. ಅಗಲವಿದೆ. ಗೋಡೆಯಿಂದ 3 ಮೀಟರ್ ದೂರದಲ್ಲಿ ನಿಂತು, ಕ್ಯಾಮೆರಾವನ್ನು ಗೋಡೆಗೆ ನೇರವಾಗಿ ಹಿಡಿದರೆ, 18 ಮಿ.ಮೀ.ನಲ್ಲಿ ಸುಮಾರು 3.7 ಮೀಟರ್ ಅಗಲದ ಗೋಡೆ ಚೌಕಟ್ಟಿನೊಳಗೆ ಬರುತ್ತದೆ. ಅದೇ ಜಾಗದಿಂದ 14 ಮಿ.ಮೀ. ಲೆನ್ಸಿನಲ್ಲಿ 4.8 ಮೀಟರ್, 11 ಮಿ.ಮೀ.ನಲ್ಲಿ 6.1 ಮೀಟರ್, 10 ಮಿ.ಮೀ.ನಲ್ಲಿ 6.7 ಮೀಟರ್ ಬರುತ್ತದೆ. 10 ಮತ್ತು 11ರ ನಡುವಿನ ಒಂದೇ ಒಂದು ಮಿಲಿಮೀಟರ್ ಕಾಗದದ ಮೇಲೆ ಏನೂ ಅಲ್ಲವೆಂದು ತೋರಿದರೂ, ಕೋಣೆಯೊಳಗೆ ಅದು ಅರ್ಧ ಮೀಟರಿಗಿಂತ ಹೆಚ್ಚು ಗೋಡೆ. ಒಂದು ಕಿಟಕಿ ಒಳಗೆ ಬರುವುದೋ ಹೊರಗೆ ಉಳಿಯುವುದೋ ಎಂಬುದು ಅಷ್ಟರಲ್ಲೇ ತೀರ್ಮಾನವಾಗುತ್ತದೆ. ಸ್ಯಾಮ್ಯಾಂಗ್ 14 ದೊಡ್ಡ ಸೆನ್ಸರಿನ ಫುಲ್ ಫ್ರೇಮ್ ಕ್ಯಾಮೆರಾಗಳಿಗಾಗಿ ಮಾಡಿದ ಲೆನ್ಸ್, ಅಲ್ಲಿ ಅದು ನಿಜಕ್ಕೂ ಬಹಳ ಅಗಲ; ನಿಮ್ಮ ಕ್ಯಾಮೆರಾದಲ್ಲಿ ಅದರ ನೋಟ ಫುಲ್ ಫ್ರೇಮಿನ 22 ಮಿ.ಮೀ. ಲೆನ್ಸಿನಷ್ಟಕ್ಕೆ ಇಳಿಯುತ್ತದೆ. ಸಾಲದ್ದಕ್ಕೆ ಅದರ ಮುಂಭಾಗದ ಗಾಜು ಉಬ್ಬಿಕೊಂಡಿರುವುದರಿಂದ ಸಾಮಾನ್ಯ ಫಿಲ್ಟರ್ ಹಾಕಲು ಬರುವುದಿಲ್ಲ, ಮತ್ತು ನೇರ ಗೆರೆಗಳು ಅದರಲ್ಲಿ ಅಲೆಯಂತೆ ಬಾಗುತ್ತವೆ. ಬರೀ ಹೊರಗೆ ಉಬ್ಬಿದ ಗೆರೆಯನ್ನು ಸಾಫ್ಟ್‌ವೇರಿನಲ್ಲಿ ಸುಲಭವಾಗಿ ನೇರ ಮಾಡಬಹುದು. ಅಲೆಯಂತೆ ಬಾಗಿದ್ದನ್ನು ಸರಿಪಡಿಸಲು ಆ ಲೆನ್ಸಿಗೆಂದೇ ಇರುವ ಪ್ರೊಫೈಲ್ (ಸಾಫ್ಟ್‌ವೇರಿನ ತಿದ್ದುಪಡಿ ಫೈಲ್) ಬೇಕಾಗುತ್ತದೆ. ಕಟ್ಟಡಗಳ ಚಿತ್ರ ತೆಗೆಯುವವರಿಗೆ ಇದು ದಿನನಿತ್ಯದ ಕಿರಿಕಿರಿ.

ಇನ್ನು ಎಫ್/2.8 ವಿಚಾರ. ಎಫ್ ಸಂಖ್ಯೆ ಚಿಕ್ಕದಾದಷ್ಟು ಅಪರ್ಚರ್, ಅಂದರೆ ಬೆಳಕು ಒಳಬರುವ ಕಿಂಡಿ, ದೊಡ್ಡದು; ಕಿಂಡಿ ಕಿರಿದಾದಷ್ಟು ಹತ್ತಿರದ್ದೂ ದೂರದ್ದೂ ಒಟ್ಟಿಗೆ ಸ್ಪಷ್ಟವಾಗಿ ಬರುತ್ತವೆ. ಒಳಾಂಗಣದಲ್ಲಿ ಮುಂದಿನ ಮೇಜಿನಿಂದ ಹಿಂದಿನ ಗೋಡೆಯವರೆಗೆ ಎಲ್ಲವೂ ಸ್ಪಷ್ಟವಾಗಿ ಕಾಣಬೇಕಾದ್ದರಿಂದ ನೀವು ಹೇಗೂ ಎಫ್/8ರ ಆಸುಪಾಸಿನಲ್ಲೇ ಕೆಲಸ ಮಾಡುತ್ತೀರಿ. ಕ್ಯಾಮೆರಾ ಟ್ರೈಪಾಡ್ ಮೇಲಿದ್ದು, ಕೋಣೆಯಲ್ಲಿ ಯಾವುದೂ ಅಲುಗಾಡದಿರುವಾಗ ಶಟರ್ ಅರ್ಧ ಸೆಕೆಂಡು ತೆರೆದಿದ್ದರೂ ನಷ್ಟವಿಲ್ಲ. ಬಳಸದೇ ಇರುವ ಅಪರ್ಚರಿಗೆ ಹಣ ಕೊಡುವುದಕ್ಕಿಂತ ಅದೇ ಹಣವನ್ನು ಗಟ್ಟಿಯಾದ ಟ್ರೈಪಾಡಿಗೆ ಹಾಕಿದರೆ ನಿಮ್ಮ ಚಿತ್ರಗಳು ಹೆಚ್ಚು ಸುಧಾರಿಸುತ್ತವೆ ಎಂದು ನಾನು ದೃಢವಾಗಿ ನಂಬಿದ್ದೇನೆ. 10 ಮಿ.ಮೀ., ಎಫ್/8ರಲ್ಲಿ ಸುಮಾರು 65-70 ಸೆಂ.ಮೀ. ದೂರಕ್ಕೆ ಫೋಕಸ್ ಮಾಡಿದರೆ ಸುಮಾರು 35 ಸೆಂ.ಮೀ.ನಿಂದ ಹಿಡಿದು ಅನಂತದವರೆಗೆ ಎಲ್ಲವೂ ಸಾಕಷ್ಟು ಸ್ಪಷ್ಟವಾಗಿರುತ್ತದೆ. ಟ್ರೈಪಾಡಿಗೆ ಅವಕಾಶವಿಲ್ಲದ ಕಡೆ ಈ ಲೆನ್ಸಿನಲ್ಲಿರುವ, ಕೈ ಅಲುಗಾಟದ ಮಸುಕನ್ನು ತಗ್ಗಿಸುವ ಇಮೇಜ್ ಸ್ಟೆಬಿಲೈಸೇಶನ್ ನೆರವಿಗೆ ಬರುತ್ತದೆ. ನಿಮ್ಮ ಪಟ್ಟಿಯ ಉಳಿದೆರಡು ಲೆನ್ಸ್‌ಗಳಲ್ಲಿ ಅದು ಇಲ್ಲ. 2014ರಲ್ಲಿ ಬಂದ ಈ ಲೆನ್ಸಿನ ತೂಕ 240 ಗ್ರಾಂ ಮಾತ್ರ. ಕ್ಯಾಮೆರಾಕ್ಕೆ ಕೂರುವ ಮೌಂಟ್ ಪ್ಲಾಸ್ಟಿಕ್ಕಿನದು ಎಂಬ ದೂರು ಇದೆ, ಆದರೆ ಇಷ್ಟು ಹಗುರವಾದ ಲೆನ್ಸಿನ ವಿಷಯದಲ್ಲಿ ಅದಕ್ಕಾಗಿ ಚಿಂತಿಸಬೇಕಿಲ್ಲ.

ಟೋಕಿನಾ ಒಳ್ಳೆಯ ಲೆನ್ಸ್, ಗಟ್ಟಿಮುಟ್ಟಾದ ಲೆನ್ಸ್. ಆದರೆ ಕಿಟಕಿಯಿಂದ ನೇರ ಬೆಳಕು ಬೀಳುವಾಗ ಚಿತ್ರದಲ್ಲಿ ಫ್ಲೇರ್ (ಬೆಳಕಿನ ಮಬ್ಬು, ಕಲೆ) ಕಾಣಿಸಿಕೊಳ್ಳುವುದು ಮತ್ತು ಕಪ್ಪು-ಬಿಳುಪು ಸೇರುವ ಅಂಚುಗಳಲ್ಲಿ ಬಣ್ಣದ ಗೆರೆ ಮೂಡುವುದು ಅದರ ಗೊತ್ತಿರುವ ದೌರ್ಬಲ್ಯ. ಒಳಾಂಗಣವೆಂದರೆ ಕಿಟಕಿ ಇದ್ದೇ ಇರುತ್ತದೆ.

ಮರುಪ್ರಶ್ನೆ (ಅದೇ ಸದಸ್ಯೆ):
ತುಂಬಾ ಧನ್ಯವಾದಗಳು ಸರ್. ಯಾವಾಗಲಾದರೂ ನಕ್ಷತ್ರಗಳ ಚಿತ್ರ ತೆಗೆಯುವ ಆಸೆಯೂ ಇದೆ. ಆಗ 10-18 ಸಾಲದೇ ಹೋಗುವುದೇ?

ಉತ್ತರ:
ಆಕಾಶದ ಲೆಕ್ಕವೇ ಬೇರೆ. ಭೂಮಿ ತಿರುಗುತ್ತಿರುವುದರಿಂದ ಶಟರನ್ನು ಬೇಕಾದಷ್ಟು ಹೊತ್ತು ತೆರೆದಿಡಲು ಆಗುವುದಿಲ್ಲ, 10 ಮಿ.ಮೀ.ನಲ್ಲಿ 20 ಸೆಕೆಂಡು ದಾಟಿದ ಮೇಲೆ ನಕ್ಷತ್ರಗಳು ಚುಕ್ಕೆಯಾಗಿರದೆ ಸಣ್ಣ ಗೆರೆಗಳಾಗತೊಡಗುತ್ತವೆ. ಸಮಯಕ್ಕೆ ಹೀಗೆ ಮಿತಿ ಬಿದ್ದಾಗ ಅಪರ್ಚರ್ ಮುಖ್ಯವಾಗುತ್ತದೆ. ಎಫ್/4.5ಕ್ಕೆ ಹೋಲಿಸಿದರೆ ಎಫ್/2.8ರಲ್ಲಿ ಸೆನ್ಸರಿಗೆ ಸುಮಾರು ಎರಡೂವರೆ ಪಟ್ಟು ಬೆಳಕು ಸಿಗುತ್ತದೆ. ಅಂದರೆ ಟೋಕಿನಾದಲ್ಲಿ ಐಎಸ್ಒ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆಯ ಸೆಟ್ಟಿಂಗ್) 1600 ಸಾಕಾಗುವ ಕಡೆ ನಿಮಗೆ 4000 ಬೇಕಾಗುತ್ತದೆ, ಚಿತ್ರದಲ್ಲಿ ನಾಯ್ಸ್, ಅಂದರೆ ಕಾಳುಕಾಳಾದ ಚುಕ್ಕೆಗಳು, ಹೆಚ್ಚುತ್ತದೆ. ವರ್ಷಕ್ಕೊಮ್ಮೆ, ಎರಡು ಬಾರಿ ತೆಗೆಯುವವರಾದರೆ ಒಂದೇ ದೃಶ್ಯದ ಹಲವು ಫ್ರೇಮುಗಳನ್ನು ಒಂದರ ಹಿಂದೊಂದು ತೆಗೆದು, ನಕ್ಷತ್ರಗಳನ್ನು ಹೊಂದಿಸಿ ಸ್ಟ್ಯಾಕಿಂಗ್ ಮಾಡುವ, ಅಂದರೆ ಎಲ್ಲವನ್ನೂ ಒಂದೇ ಚಿತ್ರವಾಗಿ ಸೇರಿಸುವ ಮೂಲಕ ಆ ನಾಯ್ಸನ್ನು ಬಹುಮಟ್ಟಿಗೆ ಇಳಿಸಬಹುದು. ನಕ್ಷತ್ರಗಳೇ ನಿಮ್ಮ ಮುಖ್ಯ ವಿಷಯವಾಗಿದ್ದರೆ ಮಾತ್ರ ನಾನು ಟೋಕಿನಾ ಎನ್ನುತ್ತಿದ್ದೆ.

ಪ್ರಶ್ನೆ (ಇನ್ನೊಬ್ಬ ಸದಸ್ಯರು):
ಸರ್, ನನ್ನದು ಹಳೆಯ ನಿಕಾನ್ ಡಿ5100. ನಿಕಾನಿನ 10-20 ಎಎಫ್-ಪಿ ಲೆನ್ಸ್ ಅಗ್ಗವಾಗಿ ಸಿಗುತ್ತಿದೆ. ತೆಗೆದುಕೊಳ್ಳಬಹುದೇ?

ಉತ್ತರ:
ದಯವಿಟ್ಟು ಹಣ ಕೊಡುವ ಮುನ್ನ ನಿಲ್ಲಿ. ಎಎಫ್-ಪಿ ಎಂದರೆ ನಿಕಾನಿನ ಒಂದು ಬಗೆಯ ಫೋಕಸ್ ಮೋಟಾರ್ ಉಳ್ಳ ಲೆನ್ಸ್. ಎಎಫ್-ಪಿ ಲೆನ್ಸ್‌ಗಳು ನಿಮ್ಮ ಕ್ಯಾಮೆರಾ ಬಾಡಿಯಲ್ಲಿ ಕೆಲಸ ಮಾಡುವುದಿಲ್ಲ. ಕೈಯಿಂದಾದರೂ ಫೋಕಸ್ ಮಾಡಿಕೊಳ್ಳುತ್ತೇನೆ ಎಂದರೂ ಆಗದು, ಏಕೆಂದರೆ ಆ ಲೆನ್ಸಿನಲ್ಲಿ ಫೋಕಸ್ ರಿಂಗ್ ಕೂಡ ವಿದ್ಯುತ್ ಮೋಟಾರಿನ ಮೂಲಕವೇ ಗಾಜನ್ನು ಸರಿಸುತ್ತದೆ. ಡಿ90, ಡಿ7000 ಬಾಡಿಗಳದ್ದೂ ಇದೇ ಕಥೆ. ನಿಮಗೆ ಇನ್ನೊಂದು ಎಚ್ಚರಿಕೆಯೂ ಬೇಕು: ಡಿ5100ರ ಒಳಗೆ ಫೋಕಸ್ ಮೋಟಾರ್ ಇಲ್ಲದ ಕಾರಣ, ಟೋಕಿನಾ 11-16ರ ಮೊದಲ ಆವೃತ್ತಿ ಅದರಲ್ಲಿ ಆಟೋಫೋಕಸ್ ಆಗುವುದಿಲ್ಲ, ಎರಡನೆಯ ಆವೃತ್ತಿಯಲ್ಲಿ ಲೆನ್ಸಿನೊಳಗೇ ಮೋಟಾರ್ ಇದೆ. ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಗ್ಮಾ 10-20 ಎಫ್/4-5.6 ಎಚ್‌ಎಸ್‌ಎಂ ಹುಡುಕಿ. ಅದರಲ್ಲಿ ಮೋಟಾರ್ ಇದೆ, 10 ಮಿ.ಮೀ.ನಿಂದ ಶುರುವಾಗುತ್ತದೆ, ಎಫ್/8ಕ್ಕೆ ಇಳಿಸಿದರೆ ಮೂಲೆಗಳೂ ಸಾಕಷ್ಟು ಚೆನ್ನಾಗಿ ಬರುತ್ತವೆ.

ಪ್ರಶ್ನೆ (ಮತ್ತೊಬ್ಬ ಸದಸ್ಯೆ):
ಸದ್ಯಕ್ಕೆ ಲೆನ್ಸ್ ಕೊಳ್ಳುವ ಸ್ಥಿತಿಯಲ್ಲಿಲ್ಲ. ಕಿಟ್ ಲೆನ್ಸಿನ ಮುಂದೆ ತಿರುಗಿಸಿ ಹಾಕುವ ವೈಡ್ ಕನ್ವರ್ಟರ್ ಗಾಜುಗಳು ಉಪಯೋಗಕ್ಕೆ ಬರುತ್ತವೆಯೇ?

ಉತ್ತರ:
ಬೇಡ. ಅಗ್ಗದ ಕನ್ವರ್ಟರಿನಲ್ಲಿ ಚಿತ್ರದ ಅಂಚುಗಳೆಲ್ಲ ಕದಡಿಹೋಗುತ್ತವೆ. ಅದರ ಬದಲು ಪನೋರಮಾ ತೆಗೆಯಿರಿ, ಅದಕ್ಕೆ ಖರ್ಚೇ ಇಲ್ಲ. ಕಿಟ್ ಲೆನ್ಸನ್ನು 18 ಮಿ.ಮೀ.ಗೆ ಇಟ್ಟು, ಕ್ಯಾಮೆರಾವನ್ನು ಲಂಬವಾಗಿ (ಎತ್ತರದ ಚಿತ್ರ ಬರುವಂತೆ) ಹಿಡಿದು, ಒಂದು ಫ್ರೇಮಿನ ಮೂರನೇ ಒಂದು ಭಾಗ ಮುಂದಿನದರಲ್ಲೂ ಬರುವಂತೆ ನಾಲ್ಕೈದು ಚಿತ್ರಗಳನ್ನು ತೆಗೆದು ಜೋಡಿಸಿ. ಎಕ್ಸ್‌ಪೋಶರ್, ಫೋಕಸ್, ವೈಟ್ ಬ್ಯಾಲೆನ್ಸ್ ಮೂರನ್ನೂ ಮ್ಯಾನುಯಲ್‌ಗೆ ಇಟ್ಟುಕೊಳ್ಳದಿದ್ದರೆ ಜೋಡಣೆಯ ಜಾಗದಲ್ಲಿ ಆಕಾಶದ ಬಣ್ಣ ಪಟ್ಟೆಪಟ್ಟೆಯಾಗಿ ಕಾಣುತ್ತದೆ. ಬೆಟ್ಟ, ಬಯಲು, ದೂರದ ಕಟ್ಟಡಗಳಿಗೆ ಈ ವಿಧಾನ ತುಂಬಾ ಚೆನ್ನಾಗಿ ಹೊಂದುತ್ತದೆ. ಇಕ್ಕಟ್ಟಾದ ಕೋಣೆಯಲ್ಲಿ ಮಾತ್ರ, ಹತ್ತಿರದ ಕುರ್ಚಿ ಮತ್ತು ಹಿಂದಿನ ಗೋಡೆ ಒಂದು ಫ್ರೇಮಿನಿಂದ ಇನ್ನೊಂದಕ್ಕೆ ಬೇರೆ ಬೇರೆ ಪ್ರಮಾಣದಲ್ಲಿ ಸರಿಯುವುದರಿಂದ ಜೋಡಣೆ ಕೆಡುತ್ತದೆ. ನೀರು ಹರಿಯುವ, ಜನ ಓಡಾಡುವ ದೃಶ್ಯಗಳಲ್ಲೂ ಕಷ್ಟವೇ.

ಪ್ರಶ್ನೆ (ಮೊದಲ ಸದಸ್ಯೆ):
ಕೊನೆಯದಾಗಿ ಒಂದು ವಿಷಯ ಕೇಳುತ್ತೇನೆ ಸರ್. 10-18 ಕೂಡ ಸೆಕೆಂಡ್ ಹ್ಯಾಂಡ್ ಸಿಕ್ಕರೆ ಏನೇನು ಪರೀಕ್ಷಿಸಬೇಕು? ಮುಂದೆ ಫುಲ್ ಫ್ರೇಮಿಗೆ ಹೋದರೆ ಈ ಲೆನ್ಸ್ ವ್ಯರ್ಥವಾಗುತ್ತದೆಯೇ?

ಉತ್ತರ:
ಎರಡನೆಯದಕ್ಕೆ ಮೊದಲು ಉತ್ತರಿಸುತ್ತೇನೆ. ಫುಲ್ ಫ್ರೇಮ್ ಡಿಎಸ್ಎಲ್ಆರ್ ಮೇಲೆ ಇದು ಕೂರುವುದೇ ಇಲ್ಲ. ಕ್ಯಾನನಿನ ಆರ್ ಸರಣಿಯ ಮಿರರ್‌ಲೆಸ್ ಕ್ಯಾಮೆರಾಗಳಲ್ಲಿ ಅಡಾಪ್ಟರ್ ಹಾಕಿ ಬಳಸಬಹುದು, ಆದರೆ ಫುಲ್ ಫ್ರೇಮ್ ಬಾಡಿಯಾದರೆ ಕ್ಯಾಮೆರಾ ತಾನಾಗಿಯೇ ಸೆನ್ಸರಿನ ಮಧ್ಯಭಾಗವನ್ನು ಮಾತ್ರ ಬಳಸುವ ಕ್ರಾಪ್‌ಗೆ ಇಳಿಯುತ್ತದೆ. ಎಂದೋ ಕೊಳ್ಳಬಹುದಾದ ಕ್ಯಾಮೆರಾಗಾಗಿ ಇಂದಿನ ಕ್ಯಾಮೆರಾಕ್ಕೆ ಹೊಂದದ ಲೆನ್ಸನ್ನು ಆರಿಸಿಕೊಳ್ಳಬೇಡಿ.

ಪರೀಕ್ಷೆಯ ವಿಚಾರದಲ್ಲಿ ಆತುರ ಬೇಡ. ಲೆನ್ಸನ್ನು ಕ್ಯಾಮೆರಾದಿಂದ ಬಿಚ್ಚಿ, ಹಿಂಬದಿಯಿಂದ ಟಾರ್ಚ್ ಬೆಳಕು ಬಿಟ್ಟು ಮುಂದಿನಿಂದ ಓರೆಯಾಗಿ ನೋಡಿ. ಒಂದೆರಡು ದೂಳಿನ ಕಣ ಇದ್ದರೆ ಚಿತ್ರಕ್ಕೆ ತೊಂದರೆಯಿಲ್ಲ. ಜೇಡರ ಬಲೆಯಂತೆ ಕವಲೊಡೆದ ಬಿಳಿಯ ಎಳೆಗಳು ಕಂಡರೆ ಅದು ಫಂಗಸ್, ಎಷ್ಟೇ ಅಗ್ಗವಾದರೂ ಬಿಟ್ಟುಬಿಡಿ. ಫಿಲ್ಟರ್ ಹಾಕುವ ಅಂಚು ನೆಗ್ಗಿದ್ದರೆ ಲೆನ್ಸ್ ಕೆಳಗೆ ಬಿದ್ದಿದೆ ಎಂದೇ ತಿಳಿಯಬೇಕು.

ಬಿದ್ದ ಲೆನ್ಸಿನಲ್ಲಿ ಒಳಗಿನ ಗಾಜುಗಳು ಒಂದಿಷ್ಟು ಓರೆಯಾಗಿರಬಹುದು, ಮತ್ತು ವೈಡ್ ಲೆನ್ಸಿನಲ್ಲಿ ಅದು ತಕ್ಷಣ ಕಾಣುತ್ತದೆ. ಕ್ಯಾಮೆರಾವನ್ನು ಟ್ರೈಪಾಡಿನ ಮೇಲಿಟ್ಟು, 10 ಮಿ.ಮೀ., ಎಫ್/4.5ರಲ್ಲಿ, ನೂರು ಮೀಟರಿಗಿಂತ ಆಚೆ ಇರುವ, ಸಣ್ಣ ವಿವರಗಳುಳ್ಳ ಒಂದು ವಸ್ತುವನ್ನು ಮಧ್ಯದಲ್ಲಿಟ್ಟು ಫೋಕಸ್ ಮಾಡಿ. ಆಮೇಲೆ ಆಟೋಫೋಕಸ್ ಆಫ್ ಮಾಡಿ, ಅದೇ ವಸ್ತುವನ್ನು ಚೌಕಟ್ಟಿನ ನಾಲ್ಕು ಮೂಲೆಗಳಿಗೂ ಒಂದೊಂದಾಗಿ ತಂದು ನಾಲ್ಕು ಚಿತ್ರ ತೆಗೆಯಿರಿ. ಪರದೆಯ ಮೇಲೆ ಪೂರ್ತಿ ಗಾತ್ರಕ್ಕೆ ಹಿಗ್ಗಿಸಿ ಹೋಲಿಸಿದಾಗ ನಾಲ್ಕೂ ಮೂಲೆಗಳು ಒಂದೇ ಸಮನೆ ಸ್ವಲ್ಪ ಮಂಕಾಗಿದ್ದರೆ ಅದು ಆ ಲೆನ್ಸಿನ ಸ್ವಭಾವ, ಎಫ್/8ರಲ್ಲಿ ಬಹುಪಾಲು ಸರಿಹೋಗುತ್ತದೆ. ಒಂದು ಮೂಲೆ ಮಾತ್ರ ಉಳಿದ ಮೂರಕ್ಕಿಂತ ಎದ್ದು ಕಾಣುವಷ್ಟು ಮಸುಕಾಗಿದ್ದರೆ ಆ ಲೆನ್ಸನ್ನು ಕೊಳ್ಳಬೇಡಿ. ಯಾವ ಅಪರ್ಚರಿನಲ್ಲೂ ಅದು ಪೂರ್ತಿ ಸರಿಯಾಗುವುದಿಲ್ಲ, ರಿಪೇರಿಯ ಖರ್ಚು ನೀವು ಉಳಿಸಿದ ಹಣವನ್ನು ನುಂಗಿಹಾಕುತ್ತದೆ. ಮಾರುವವರು ಈ ಪರೀಕ್ಷೆಗೆ ಒಪ್ಪದಿದ್ದರೆ, ಇನ್ನೊಂದು ಸಿಗುವವರೆಗೆ ಕಾಯಿರಿ.