ಸಂಬಳ 7ನೇ ತಾರೀಖಿಗೆ, ಆಸ್ಪತ್ರೆ ಹಣ 60 ದಿನಕ್ಕೆ: ನಡುವೆ ಏನು ಮಾಡೋದು?

ಹೋಮ್‌ಕೇರ್_ಮೈಸೂರು:
ಮನೆಗಳಿಗೆ ನರ್ಸ್, ಆಯಾ ಕಳಿಸುವ ಸಣ್ಣ ಏಜೆನ್ಸಿ ನಮ್ಮದು. ಏಪ್ರಿಲ್‌ನಿಂದ ದೊಡ್ಡ ಆಸ್ಪತ್ರೆಯೊಂದಕ್ಕೆ 12 ಜನರನ್ನು ಕೊಡಬೇಕು. ತಲಾ ಸಂಬಳ 18,000. ತಿಂಗಳ ಬಿಲ್ 3 ಲಕ್ಷ, ಜಿಎಸ್‌ಟಿ ಬೇರೆ. ಬಿಲ್ ಕೊಟ್ಟ 60 ದಿನಕ್ಕೆ ಹಣ. ಆ್ಯಪ್ ಕಂಪನಿಯೊಂದು ತಿಂಗಳಿಗೆ ಒಂದೂವರೆ ಪರ್ಸೆಂಟ್ ಫ್ಲಾಟ್ ಬಡ್ಡಿಗೆ, 12 ಕಂತಿಗೆ 5 ಲಕ್ಷ ಕೊಡುತ್ತದಂತೆ. ತಗೊಳ್ಳಬಹುದಾ?

ಲೆಕ್ಕದ_ಪುಸ್ತಕ:
ಬೇಡ ಸರ್. 5 ಲಕ್ಷಕ್ಕೆ ಕಂತು ಸುಮಾರು 49,170. ಅಸಲು ಕರಗುತ್ತಿದ್ದರೂ ಬಡ್ಡಿ ಪೂರ್ತಿ 5 ಲಕ್ಷದ ಮೇಲೇ, ಹಾಗಾಗಿ ನಿಜವಾದ ದರ ವರ್ಷಕ್ಕೆ 31-32 ಪರ್ಸೆಂಟ್. ಆಸ್ಪತ್ರೆಯಿಂದ ಒಂದು ರೂಪಾಯಿ ಬರುವ ಮೊದಲೇ ಕಂತು ಶುರು.

5 ಲಕ್ಷ ಸಾಲುವುದೂ ಇಲ್ಲ. ಏಪ್ರಿಲ್ 30ಕ್ಕೆ ಬಿಲ್ ಕೊಟ್ಟರೆ ಹಣ ಜೂನ್ 29ಕ್ಕೆ. ಅಷ್ಟರಲ್ಲಿ ಎರಡು ಸಂಬಳ 4.32 ಲಕ್ಷ, ಮೇ 20 ಮತ್ತು ಜೂನ್ 20ಕ್ಕೆ ಜಿಎಸ್‌ಟಿ ತಲಾ 54,000. ಒಟ್ಟು 5.40 ಲಕ್ಷ, ಇಎಸ್‌ಐ ಬಿಟ್ಟು. ಆಸ್ಪತ್ರೆಗೆ ಸಿಬ್ಬಂದಿ ಕೊಟ್ಟರೆ ಅದು ಮ್ಯಾನ್‌ಪವರ್ ಸಪ್ಲೈ, 18 ಪರ್ಸೆಂಟ್. ವೈದ್ಯಕೀಯ ಸೇವೆಯ ವಿನಾಯಿತಿ ನೆಚ್ಚಿಕೊಳ್ಳಬೇಡಿ. ಹಣ ಬರಲಿ ಬಿಡಲಿ, ತೆರಿಗೆ ಕಟ್ಟಲೇಬೇಕು. ಪೇಮೆಂಟ್ ಹತ್ತು ದಿನ ಜಾರಿದರೆ ಮೂರನೇ ಸಂಬಳವೂ ಸೇರಿ 7.56 ಲಕ್ಷ!

ಓಡಿ_ಖಾತೆ:
ಬ್ಯಾಂಕಿನಲ್ಲಿ ಟರ್ಮ್ ಲೋನ್ ಬೇಡ, ಓಡಿ (ಓವರ್‌ಡ್ರಾಫ್ಟ್) ಅಥವಾ ಕ್ಯಾಶ್ ಕ್ರೆಡಿಟ್ ಕೇಳಿ. ಬಳಸಿದಷ್ಟಕ್ಕೆ, ಬಳಸಿದಷ್ಟು ದಿನಕ್ಕೆ ಮಾತ್ರ ಬಡ್ಡಿ. ಸಣ್ಣ ಉದ್ಯಮಗಳಿಗೆ ಬ್ಯಾಂಕಿನವರು ಹಾಕುವ ಲೆಕ್ಕ: ವರ್ಷದ ಅಂದಾಜು ವಹಿವಾಟಿನ 20 ಪರ್ಸೆಂಟ್ ಸಾಲ, 5 ಪರ್ಸೆಂಟ್ ನಿಮ್ಮ ಕೈಯಿಂದ. 36 ಲಕ್ಷಕ್ಕೆ 7.2 ಲಕ್ಷ ಲಿಮಿಟ್, ನಿಮ್ಮದು 1.8 ಲಕ್ಷ. ಇಷ್ಟಿದ್ದರೆ ಆ ಹತ್ತು ದಿನವನ್ನೂ ತಡೆದುಕೊಳ್ಳಬಹುದು. ಇಷ್ಟು ಸಾಲಕ್ಕೆ ಅಡಮಾನ ಕೇಳುವಂತಿಲ್ಲ. ಮುದ್ರಾ ಯೋಜನೆಯಲ್ಲಿ ಅಥವಾ ಸಿಜಿಟಿಎಂಎಸ್‌ಇ (ಸಣ್ಣ ಉದ್ಯಮಗಳ ಸಾಲಕ್ಕೆ ಜಾಮೀನು ನಿಲ್ಲುವ ಸರ್ಕಾರಿ ಟ್ರಸ್ಟ್) ಗ್ಯಾರಂಟಿಯಲ್ಲಿ ಮಾಡಿಕೊಡಿ ಎನ್ನಿ. ಆಸ್ಪತ್ರೆಯ ವರ್ಕ್ ಆರ್ಡರ್, ಜಿಎಸ್‌ಟಿ ರಿಟರ್ನ್, ಒಂದು ವರ್ಷದ ಸ್ಟೇಟ್‌ಮೆಂಟ್ ಜೊತೆಗಿರಲಿ. ಮನೆಗಳಿಂದ ಬರುವ ಹಣ ಸ್ವಂತ ಎಸ್‌ಬಿ ಖಾತೆಗೆ ಬೀಳುತ್ತಿದ್ದರೆ ಬ್ಯಾಂಕ್ ಅದನ್ನು ವಹಿವಾಟು ಅಂತ ಲೆಕ್ಕಕ್ಕೇ ತಗೊಳ್ಳದು. ಹೆಚ್ಚಿನ ಅರ್ಜಿಗಳು ಎಡವುವುದು ಇಲ್ಲೇ.

ಉದ್ಯಮ್_ನಂಬರ್:
ಒಪ್ಪಂದಕ್ಕೆ ಸಹಿ ಹಾಕುವ ಮೊದಲೇ ಉದ್ಯಮ್ ನೋಂದಣಿ (ಸಣ್ಣ ಉದ್ಯಮಗಳಿಗೆ ಸರ್ಕಾರದ ನೋಂದಣಿ) ಮಾಡಿಸಿ, ಪ್ರತಿ ಬಿಲ್ ಮೇಲೂ ಆ ನಂಬರ್ ಹಾಕಿ. ಒಪ್ಪಂದದಲ್ಲಿ 60 ದಿನ ಅಂತಿದ್ದರೂ ಕಾನೂನಿನ ಗಡುವು 45 ದಿನ. ಮೀರಿದರೆ ಆಸ್ಪತ್ರೆ ನಿಜವಾಗಿ ಹಣ ಕೊಟ್ಟ ವರ್ಷದಲ್ಲೇ ಅದನ್ನು ಆದಾಯ ತೆರಿಗೆಗೆ ಖರ್ಚು ತೋರಿಸಬೇಕು. ಹಣ ತಡವಾಯಿತೆಂದು ಸರ್ಕಾರದ ಪೋರ್ಟಲ್‌ನಲ್ಲಿ ದೂರು ಕೊಟ್ಟರೆ ಮುಂದಿನ ಆರ್ಡರ್ ಹೋದೀತು. ಈ ತೆರಿಗೆ ಮಾತನ್ನು ಅಕೌಂಟ್ಸ್ ವಿಭಾಗದ ಕಿವಿಗೆ ಹಾಕುವುದೇ ವಾಸಿ.

ಆಸ್ಪತ್ರೆ ಟ್ರೆಡ್ಸ್‌ನಲ್ಲಿದೆಯಾ ಕೇಳಿ, ಅಂದರೆ ಬಿಲ್ ಮೇಲೆ ಮೊದಲೇ ಹಣ ಪಡೆಯುವ ಆನ್‌ಲೈನ್ ವೇದಿಕೆಗಳು (ಆರ್‌ಎಕ್ಸ್‌ಐಎಲ್, ಎಂ1ಎಕ್ಸ್‌ಚೇಂಜ್, ಇನ್‌ವಾಯ್ಸ್‌ಮಾರ್ಟ್). 250 ಕೋಟಿ ಮೀರಿದ ವಹಿವಾಟಿನ ಕಂಪನಿಗಳಿಗೆ ಅಲ್ಲಿ ನೋಂದಣಿ ಕಡ್ಡಾಯ. ಅವರು ಬಿಲ್ ಒಪ್ಪಿದರೆ ಬ್ಯಾಂಕ್ ಡಿಸ್ಕೌಂಟ್ ಹಿಡಿದು ನಿಮಗೆ ಹಣ ಕೊಡುತ್ತದೆ. ಆಮೇಲೆ ಆಸ್ಪತ್ರೆ ಕೊಡದಿದ್ದರೂ ನಿಮ್ಮನ್ನು ಕೇಳುವಂತಿಲ್ಲ. ಹಾಜರಿ ಪಟ್ಟಿಗೆ ವಾರ್ಡ್ ಇನ್‌ಚಾರ್ಜ್ ಸಹಿ ಇಲ್ಲದೆ ಬಿಲ್ ಕಳಿಸಬೇಡಿ. ಒಬ್ಬರ ಎರಡು ದಿನದ ರಜೆ ತಾಳೆಯಾಗದಿದ್ದರೂ ಇಡೀ ಬಿಲ್ ವಾಪಸ್ ಬರುತ್ತದೆ.