ಮ್ಯೂನಿಕ್: ಜರ್ಮನ್ ಶಾಲೆಗೆ ಸೇರಿದ ಮೇಲೆ ಮಗ ಕ್ಲಾಸಲ್ಲಿ ಬಾಯೇ ಬಿಡ್ತಿಲ್ಲ

ಚಾಮರಾಜಪೇಟೆಯವಳು

ಎಲ್ಲರಿಗೂ ನಮಸ್ಕಾರ. ಜುಲೈ ಕೊನೆಗೆ ಬೆಂಗಳೂರಿಂದ ಮ್ಯೂನಿಕ್‌ಗೆ ಬಂದ್ವಿ. ಮಗನಿಗೆ ಏಳೂವರೆ. ಅಲ್ಲಿ ಇಂಗ್ಲಿಷ್ ಮೀಡಿಯಂನಲ್ಲಿ ಎರಡನೇ ಕ್ಲಾಸು ಶುರು ಮಾಡಿದ್ದ. ಇಲ್ಲೂ ಸೆಪ್ಟೆಂಬರ್‌ನಲ್ಲಿ ಮನೆ ಹತ್ತಿರದ ಸರ್ಕಾರಿ ಗ್ರುಂಡ್‌ಶೂಲೆಯಲ್ಲಿ (ಪ್ರೈಮರಿ ಶಾಲೆ) ಎರಡನೇ ಕ್ಲಾಸಿಗೇ ಹಾಕಿದರು. ಇಂಟರ್‌ನ್ಯಾಷನಲ್ ಶಾಲೆಯ ಫೀಸು ಕೇಳಿ ಆ ಆಸೆ ಅಲ್ಲಿಗೇ ಬಿಟ್ವಿ.

ಈಗ ಅರ್ಧ ನವೆಂಬರ್ ಕಳೀತು. ಕ್ಲಾಸಲ್ಲಿ ಒಂದಕ್ಷರ ಮಾತಾಡಲ್ಲ. ಕರೆದರೆ ತಲೆ ಎತ್ತಿ ನೋಡ್ತಾನೆ, ತೋರಿಸಿದ್ದನ್ನ ಮಾಡ್ತಾನೆ, ಅಷ್ಟೆ. ಬೆಂಗಳೂರಲ್ಲಿ ಇವನ ಬಾಯಿ ಮುಚ್ಚಿಸೋದೇ ಮಿಸ್‌ಗೆ ಕೆಲಸ ಆಗಿತ್ತು! ಮನೆಗೆ ಬಂದು ಶೂ ಬಿಚ್ಚೋ ಹೊತ್ತಿಗೆ ಏನಾದರೊಂದು ನೆಪ ಹಿಡಿದು ಕಿರುಚಾಟ ಶುರು. ಲೆಕ್ಕ ಅಂದ್ರೆ ಪ್ರಾಣ ಬಿಡೋನು ಮೊನ್ನೆ ಟೀಚರ್ ಹೇಳಿ ಬರೆಸಿದಾಗ 24ಕ್ಕೆ 42, 35ಕ್ಕೆ 53 ಬರ್ಕೊಂಡು ಬಂದಿದ್ದಾನೆ. ಚಪಾತಿ ಪಲ್ಯ ಡಬ್ಬಿಗೆ ಹಾಕ್ಬೇಡ, ಬ್ರೆಡ್ಡೇ ಹಾಕು ಅಂತಾನೆ.

ಟೀಚರ್ ಒಳ್ಳೆಯವರೇ. ಕರೆಸಿ ಎರಡು ಮಾತು ಹೇಳಿದರು. ಮನೇಲೂ ಜರ್ಮನ್ ಮಾತಾಡಿ ಅನ್ನೋದು ಒಂದು. ಒಂದನೇ ಕ್ಲಾಸಿಗೆ ಇಳಿಸೋಣವಾ ಅನ್ನೋದು ಇನ್ನೊಂದು. ನನ್ನ ಜರ್ಮನ್ ಇನ್ನೂ ಎ1 (ತೀರಾ ಮೊದಲನೇ ಹಂತ), ನಮ್ಮೆಜಮಾನ್ರ ಆಫೀಸಲ್ಲಿ ಪೂರ್ತಿ ಇಂಗ್ಲಿಷ್. ಅತ್ತೆ ದಿನಾ ಫೋನ್ ಮಾಡಿ "ಮಗೂನ ನಮ್ಮ ಹತ್ರ ಬಿಟ್ಟುಬಿಡಿ" ಅಂತಾರೆ. ಇದನ್ನ ದಾಟಿ ಬಂದೋರು ಯಾರಾದ್ರೂ ಇದ್ರೆ ದಯವಿಟ್ಟು ಹೇಳಿ.

ಧಾರವಾಡದಾಕಿ

ನೋಡ್ರಿ, ನಮ್ಮ ಎರಡೂ ಹುಡುಗ್ಯಾರು ಇಲ್ಲೇ ಎರ್ಲಾಂಗನ್‌ನ್ಯಾಗ ಗ್ರುಂಡ್‌ಶೂಲೆ ಮುಗಿಸ್ಯಾರ. ದೊಡ್ಡಾಕಿ ನಿಮ್ಮ ಮಗನ ವಯಸ್ಸಿನ್ಯಾಗ ಬಂದಾಕಿ. ಕ್ರಿಸ್‌ಮಸ್ ರಜಾ ಮುಗಿಯೂತನಕ ಕ್ಲಾಸಿನ್ಯಾಗ ಅಕಿ ದನಿ ಯಾರೂ ಕೇಳಿರಲಿಲ್ಲ. ಹೊಸ ಭಾಷಾದಾಗ ಬಿದ್ದ ಕೂಸು ಮೊದಲ ಸುಮ್ಮನ ಕೂತು ಕೇಳ್ತದ, ಭಾಳ ಹುಡುಗರು ತಿಂಗಳಗಟ್ಟಲೇ ಹಂಗ ಇರ್ತಾವ. ಮನ್ಯಾಗ ನಿಮ್ಮ ಜೋಡಿ, ಅಜ್ಜಿ ಜೋಡಿ ಫೋನಿನ್ಯಾಗ ಕನ್ನಡ ಮೊದಲಿನಂಗ ಮಾತಾಡ್ತಾನಿಲ್ಲೋ, ಅದನ್ನಷ್ಟು ನೋಡ್ಕೋರಿ. ಮಾತಾಡ್ತಾನಂದ್ರ ಸದ್ಯಕ್ಕ ಗಾಬರಿ ಬ್ಯಾಡ. ಗುರ್ತಿನವರ ಮುಂದೂ ಕನ್ನಡದಾಗ ಬಾಯಿ ಕಟ್ಟಿದ್ರ ಮಾತ್ರ ಮಕ್ಕಳ ಡಾಕ್ಟರ್‌ಗೆ ತೋರಸ್ರಿ.

ಸಾಲಿಯಿಂದ ಬಂದು ಒದರ್ಯಾಡೂದಂತೂ ನಮ್ಮ ಮನ್ಯಾಗೂ ಇತ್ತು. ಮುಂಜಾನೆಯಿಂದ ಮಧ್ಯಾಹ್ನದತನಕ ತಿಳೀಲಾರದ ಮಾತು ಕಿವಿಗೆ ಹಾಕ್ಕೊಂಡು ಕೂತ್ರ ದೊಡ್ಡವರಿಗೇ ತಲಿ ಸಿಡೀತದ. ಬಂದ ಕೂಡಲೇ "ಇವತ್ತ ಏನ ಕಲಿಸಿದ್ರು" ಅಂತ ಕೇಳಬ್ಯಾಡ್ರಿ. ಉಣಸ್ರಿ, ಒಂದ ತಾಸು ಸುಮ್ಮನ ಬಿಡ್ರಿ.

ಇನ್ನ ಮನ್ಯಾಗ ಜರ್ಮನ್ ಮಾತಾಡೂ ವಿಷಯ. ಟೀಚರ್ ಪ್ರೀತಿಯಿಂದನ ಹೇಳಿರ್ತಾರ, ಆದ್ರ ಅದನ್ನ ಕೇಳಬ್ಯಾಡ್ರಿ. ನಿಮ್ಮ ಎ1 ಜರ್ಮನ್‌ನ್ಯಾಗ ಅವಗ ಏನ ಹೇಳತೀರಿ? ಊಟ ಮಾಡು, ಹಲ್ಲ ತಿಕ್ಕು, ಮಲ್ಕೋ. ಮಳಿ ಯಾಕ ಬರ್ತದ, ಅಜ್ಜ ಯಾಕ ಸತ್ತ ಅಂತ ಏಳು ವರ್ಷದ ಹುಡುಗ ಕೇಳೂ ಪ್ರಶ್ನೆಗೆ ಕನ್ನಡದಾಗ ಅಷ್ಟ ನೀವು ಉತ್ತರ ಕೊಡಬಲ್ಲಿರಿ. ಆ ತಿಳುವಳಿಕಿ ಒಮ್ಮೆ ತಲ್ಯಾಗ ಕೂತ್ರ ಜರ್ಮನ್ ಶಬ್ದ ಆಮ್ಯಾಲ ಬಂದು ಅದರ ಮ್ಯಾಲ ಅಂಟ್ಕೋತಾವ.

ನಾ ಏನ ಮಾಡತಿದ್ದೆ ಅಂದ್ರ, ಮುಂದಿನ ವಾರ ಎಚ್‌ಎಸ್‌ಯು ಕ್ಲಾಸಿನ್ಯಾಗ (ನಮ್ಮ ಪರಿಸರ ಅಧ್ಯಯನ ಇದ್ದಂಗ) ಯಾವ ಪಾಠ ಅಂತ ಟೀಚರ್‌ಗೆ ಮೇಲ್ ಮಾಡಿ ಕೇಳ್ಕೋತಿದ್ದೆ. ಹಲ್ಲು, ನೀರು, ರಸ್ತೆ ದಾಟೂದು, ಏನರೆ ಇರಲಿ, ಭಾನುವಾರ ಕನ್ನಡದಾಗ ಕಥಿ ಹೇಳಿದಂಗ ಹೇಳೂದು, ಆರೇಳು ಜರ್ಮನ್ ಶಬ್ದ ಅದರಾಗ ಸೇರಸೂದು. ಸೋಮವಾರ ಅಕಿಗೆ ಭಾಷಾ ತಿಳೀದಿದ್ರೂ ವಿಷಯ ತಿಳೀತಿತ್ತು. ಮೊದಲನೇ ಸಲ ಕೈ ಎತ್ತಿದ್ದು ಹಲ್ಲಿನ ಪಾಠದಾಗ.

24ಕ್ಕ 42 ಬರ್ದದ್ದು ಲೆಕ್ಕ ಬರಲಾರದ್ದಕ್ಕಲ್ಲ. ಜರ್ಮನ್‌ನ್ಯಾಗ ಬಿಡಿ ಅಂಕಿ ಮೊದಲ ಹೇಳ್ತಾರ, ಹತ್ತು ಆಮ್ಯಾಲ. ಫಿಯರ್-ಉಂಟ್-ಸ್ವಾನ್‌ಸಿಶ್, ಅಂದ್ರ ನಾಲ್ಕು ಮತ್ತ ಇಪ್ಪತ್ತು. ಕೇಳಿದ ಕ್ರಮದಾಗ ಬರದ್ರ 42 ಆತು. ಇಲ್ಲೇ ಹುಟ್ಟಿದ ಜರ್ಮನ್ ಹುಡುಗರೂ ತಪ್ಪತಾವ. ಪೂರ್ತಿ ಸಂಖ್ಯಾ ಕೇಳಿ ಮುಗಿಯೂತನಕ ಪೆನ್ಸಿಲ್ ಊರಬ್ಯಾಡ, ಆಮ್ಯಾಲ ಹತ್ತರ ಅಂಕಿ ಮೊದಲ ಬರಿ ಅಂತ ಆಟದಾಗ ರೂಢಿ ಮಾಡಸ್ರಿ, ಬಸ್ ನಂಬರ್ ಓದಸ್ರಿ. ಇನ್ನೂ ಅವ ನೋಡ್ರಿ: ಇಲ್ಲಿ 1ರ ತಲಿಗೆ ಉದ್ದ ಗೀಟು, ನಮ್ಮ ಹುಡುಗರಿಗೆ ಅದು 7 ಕಂಡಂಗ ಕಾಣ್ತದ. 7ಕ್ಕ ನಡುವ ಅಡ್ಡಗೀಟು. ಗುಣಾಕಾರಕ್ಕ ಒಂದ ಚುಕ್ಕಿ, ಭಾಗಾಕಾರಕ್ಕ ಎರಡ ಚುಕ್ಕಿ. ಇದನ್ನ ಯಾರೂ ಹೇಳಿಕೊಡೂದಿಲ್ಲ, ಎಲ್ಲಾರಿಗೂ ಗೊತ್ತದ ಅಂತ ತಿಳ್ಕೊಂಡಿರ್ತಾರ.

ಕ್ಲಾಸ್ ಇಳಿಸೂದಕ್ಕ ನನ್ನ ಮತ ಹೂಂ. ಒಂದನೇತ್ತದಾಗ ಇಡೀ ಕ್ಲಾಸು ಈಗ ಅಕ್ಷರ ಕಲಿಯಾಕತ್ತದ, ಇವಾ ಒಬ್ಬನ ಹಿಂದ ಬಿದ್ದಾನ ಅಂತ ಅನಸೂದಿಲ್ಲ. ಇನ್ನ ಬವೇರಿಯಾದಾಗ (ಮ್ಯೂನಿಕ್ ಇರೂ ರಾಜ್ಯ) ನಾಲ್ಕನೇತ್ತದ ಮೇ ತಿಂಗಳದಾಗ ಬರೂ ಮಾರ್ಕ್ಸ್ ಕಾರ್ಡ್ ಮ್ಯಾಲ ಮುಂದಿನ ಸಾಲಿ ಯಾವುದಂತ ನಿರ್ಧಾರ ಆಗ್ತದ. ಜರ್ಮನ್, ಲೆಕ್ಕ, ಎಚ್‌ಎಸ್‌ಯು ಸೇರಿ ಸರಾಸರಿ 2.33 ಇಲ್ಲಾ ಅದಕ್ಕಿಂತ ಛಲೋ ಇದ್ರ ಗಿಮ್ನಾಸಿಯಂ (ಯೂನಿವರ್ಸಿಟಿಗೆ ದಾರಿ ಮಾಡೂ ಸಾಲಿ), 2.66ರತನಕ ರಿಯಾಲ್‌ಶೂಲೆ (ಅದರ ಕೆಳಗಿನ, ನಡುವಿನ ಹಂತದ ಸಾಲಿ). ಇಲ್ಲಿ 1 ಅಂದ್ರ ಎಲ್ಲಾಕಿಂತ ಛಲೋ, 6 ಅಂದ್ರ ಫೇಲು, ಗೊತ್ತಿರಲಿ. ಕೈಯಾಗ ಒಂದ ವರ್ಷ ಹೆಚ್ಚಿಗಿ ಇದ್ರ ಒಳ್ಳೇದ.

ನಿಮ್ಮತ್ತೆಯವರಿಗೆ ದಿನಾ ಸಂಜಿಕೆ ವಿಡಿಯೋ ಕಾಲ್‌ನ್ಯಾಗ ಮೊಮ್ಮಗಗ ಕನ್ನಡ ಕಥಿ ಓದಿ ಹೇಳೂ ಕೆಲಸ ಕೊಟ್ಟಬಿಡ್ರಿ. ಇಬ್ಬರೂ ಸಮಾಧಾನ ಆಗ್ತಾರ.

ಕುಡ್ಲದ ಮಾಣಿ

ಅಕ್ಕ ಹೇಳಿದ್ದರಲ್ಲಿ ಕ್ಲಾಸ್ ಇಳಿಸುವ ಮಾತಿಗೆ ಮಾತ್ರ ನನ್ನದು ತಕರಾರುಂಟು. ನಾನೂ ಮ್ಯೂನಿಕ್‌ನಲ್ಲೇ ಇರುವುದು. ಮಾತೃಭಾಷೆ ಜರ್ಮನ್ ಅಲ್ಲದ, ಒಂದನೇ ಕ್ಲಾಸಿನಿಂದಲೇ ಜರ್ಮನ್ ಶಾಲೆಯಲ್ಲಿ ಕಲಿಯದ ಮಕ್ಕಳಿಗೆ ಬವೇರಿಯಾದಲ್ಲಿ ಒಂದು ರಿಯಾಯಿತಿ ಉಂಟು. ಮಾರ್ಕು ಕಡಿಮೆಯಾದದ್ದು ಜರ್ಮನ್ ಭಾಷೆಯ ದೆಸೆಯಿಂದ, ಅದು ಮುಂದೆ ಸರಿಹೋದೀತು ಅಂತ ಶಾಲೆಗೆ ಅನಿಸಿದರೆ ಸರಾಸರಿ 3.33ರವರೆಗೂ ಗಿಮ್ನಾಸಿಯಂಗೆ ಅರ್ಹತೆ ಕೊಡಬಹುದು. ಈಗ ಒಂದನೇ ಕ್ಲಾಸಿಗೆ ಕೂರಿಸಿದರೆ ನಿಮ್ಮ ಮಗ ಆ ಲೆಕ್ಕಕ್ಕೆ ಬರುತ್ತಾನೋ ಇಲ್ಲವೋ, ಶಾಲೆಯ ಬೆರಾಟುಂಗ್ಸ್‌ಲೇರರ್ (ಸಲಹೆ ಕೊಡುವ ಟೀಚರ್) ಹತ್ತಿರ ಕೇಳದೆ ಸಹಿ ಹಾಕಬೇಡಿ. ಹತ್ತಿರದಲ್ಲಿ ಡಾಯ್ಚ್‌ಕ್ಲಾಸೆ ಇದೆಯಾ ಅಂತಲೂ ವಿಚಾರಿಸಿ. ಹೊಸದಾಗಿ ಬಂದ ಮಕ್ಕಳಿಗೇ ಅಂತ ಇರುವ ಕ್ಲಾಸು ಅದು, ಜರ್ಮನ್ ಪೀರಿಯಡ್ ಜಾಸ್ತಿ.

ಇನ್ನೊಂದು, ಪುಸ್ತಕಕ್ಕಿಂತ ಮೊದಲು ಅವನನ್ನು ಒಂದು ಕ್ಲಬ್ಬಿಗೆ ಸೇರಿಸಿ ಮಾರಾಯ್ರೆ. ಫುಟ್‌ಬಾಲ್, ಜೂಡೋ, ಈಜು, ಯಾವುದಾದರೂ ಸೈ. ಅಲ್ಲಿ ಬಾಯಿ ಬೇಕಾಗುವುದಿಲ್ಲ, ಕೈಕಾಲು ಸಾಕು. ಇಲ್ಲಿನ ಮಕ್ಕಳಿಗೆ ಜೇಪ್‌ಫೇರ್ಡ್‌ಶೆನ್ ಅಂತ ಈಜಿನ ಬ್ಯಾಡ್ಜು ದೊಡ್ಡ ಹೆಮ್ಮೆ. ನೀರಿಗೆ ಹಾರಿ 25 ಮೀಟರ್ ಈಜಬೇಕು, ಭುಜದ ಮಟ್ಟದ ನೀರಿನ ತಳದಿಂದ ಒಂದು ವಸ್ತು ಎತ್ತಿ ತರಬೇಕು. ಅದು ಈಜುಚಡ್ಡಿ ಮೇಲೆ ಬಂದ ದಿನದಿಂದ ನಮ್ಮವನಿಗೆ ಇಬ್ಬರು ದೋಸ್ತಿಗಳಾದರು. ಮತ್ತೆ, ಇಲ್ಲಿ ಮಕ್ಕಳು ಸಂಜೆ ತಾವಾಗಿ ಬಂದು ಬಾಗಿಲು ಬಡಿಯುವುದಿಲ್ಲ. ಇಂಥ ದಿನ ಇಷ್ಟು ಗಂಟೆಯಿಂದ ಇಷ್ಟು ಗಂಟೆ ಅಂತ ನೀವೇ ಆ ಮಗುವಿನ ಅಮ್ಮನಿಗೆ ಮೆಸೇಜ್ ಹಾಕಿ ಕರೆಯಬೇಕು. ಮೂರು ಮಂದಿಯನ್ನು ಕರೆಯಬೇಡಿ, ಒಬ್ಬನನ್ನೇ ಕರೆಯಿರಿ. ಮೂರು ಜನ ಸೇರಿದರೆ ಅವರವರೇ ಜರ್ಮನ್‌ನಲ್ಲಿ ಮಾತಾಡಿಕೊಂಡು ಇವನು ಬದಿಗೆ ಬೀಳುತ್ತಾನೆ.

ಸ್ಟಾಕ್‌ಹೋಮ್ ಶಿರಸಿ

ನಿಮ್ಮ ಪ್ರಶ್ನೆ ಜರ್ಮನಿಯದ್ದು, ಆದರೂ ಮನೆಭಾಷೆ ಬಗ್ಗೆ ಎರಡು ಮಾತು. ಸ್ವೀಡನ್‌ನಲ್ಲಿ ಸರ್ಕಾರವೇ ಮಕ್ಕಳಿಗೆ ಮಾತೃಭಾಷೆಯ ಪಾಠ ಕೊಡ್ತದೆ. ಊರಾಡಳಿತದ ವ್ಯಾಪ್ತಿಯಲ್ಲಿ ಆ ಭಾಷೆಯ ಐದು ಮಕ್ಕಳಾದರೂ ಬೇಕು, ಶಿಕ್ಷಕರೂ ಸಿಗಬೇಕು ಅನ್ನೋ ಷರತ್ತಿದೆ. ಬೇಕಾದ ಮಕ್ಕಳಿಗೆ ಉಳಿದ ಪಾಠಗಳನ್ನು ಅವರ ಭಾಷೆಯಲ್ಲೇ ವಿವರಿಸಿ ಹೇಳೋ ವ್ಯವಸ್ಥೆಯೂ ಇದೆ. ಕೆನಡಾದ ಜಿಮ್ ಕಮ್ಮಿನ್ಸ್ ಅನ್ನೋ ವಿದ್ವಾಂಸರು ಬರೆದ ಪ್ರಕಾರ ಆಟದ ಮೈದಾನದ ಭಾಷೆ ಒಂದೆರಡು ವರ್ಷದಲ್ಲಿ ಬರ್ತದೆ, ಪಾಠದ ಭಾಷೆಗೆ ಐದರಿಂದ ಏಳು ವರ್ಷ ಬೇಕು. ಬರುವ ವರ್ಷ ಅವನು ಪಟಪಟ ಮಾತಾಡಲಿಕ್ಕೆ ಶುರು ಮಾಡಿದ ಕೂಡಲೇ, ಜರ್ಮನ್ ಟ್ಯೂಷನ್ ಏನಾದರೂ ಹಾಕಿದ್ದರೆ ನಿಲ್ಲಿಸಬೇಡಿ.

ಡಬ್ಬಿಗೆ ಅವನು ಕೇಳಿದ ಬ್ರೆಡ್ಡನ್ನೇ ಹಾಕಿ. ನಮ್ಮ ಊಟ ರಾತ್ರಿಗೆ ಇದ್ದೇ ಇದೆಯಲ್ಲ.

ಚಾಮರಾಜಪೇಟೆಯವಳು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಂಬರ್ ವಿಷಯ ಓದಿ ನಮ್ಮೆಜಮಾನ್ರಿಗೆ ತೋರಿಸಿದೆ, ಇಬ್ಬರೂ ಕೂತು ಅವನ ನೋಟ್‌ಬುಕ್ ತೆಗೆದು ನೋಡಿದ್ವಿ. ತಪ್ಪು ಅಂತ ಕೆಂಪು ಗೀಟು ಬಿದ್ದಿದ್ದರಲ್ಲಿ ಮುಕ್ಕಾಲು ಪಾಲು ಅದೇ! 3.33 ವಿಷಯ ಟೀಚರ್ ಹೇಳಿಯೇ ಇರಲಿಲ್ಲ. ಬೆರಾಟುಂಗ್ಸ್‌ಲೇರರ್ ಹತ್ತಿರ ಗುರುವಾರಕ್ಕೆ ಟೈಮ್ ತಗೊಂಡಿದ್ದೀನಿ. ನನ್ನ ಜರ್ಮನ್‌ನಲ್ಲಿ ಇಷ್ಟೆಲ್ಲ ಹೇಗೆ ಕೇಳೋದು ಅನ್ನೋದೇ ಈಗ ಭಯ.

ಧಾರವಾಡದಾಕಿ

ಕುಡ್ಲದ ತಮ್ಮ ಹೇಳಿದ್ದು ಖರೇ, ಅದನ್ನ ಕೇಳೇ ಮುಂದಿನ ಹೆಜ್ಜಿ ಇಡ್ರಿ. ನಾ ಹೂಂ ಅಂದದ್ದು ಆಮ್ಯಾಲಿನ ಮಾತು. ಭಾಷಾಕ್ಕ ಹೆದರಬ್ಯಾಡ್ರಿ, ದುಭಾಷಿ ಕರಸಲಿಕ್ಕೆ ಬರ್ತದೇನು ಅಂತ ಸಾಲಿಗೆ ಇವತ್ತ ಮೇಲ್ ಹಾಕ್ರಿ. ಆಗೂದಿಲ್ಲಂದ್ರ ಜರ್ಮನ್ ಬರೂ ಗೆಳತಿ ಯಾರನ್ನರೆ ಕರ್ಕೊಂಡು ಹೋಗ್ರಿ, ಮಗನ್ನ ಮಾತ್ರ ನಡುವ ದುಭಾಷಿ ಮಾಡಬ್ಯಾಡ್ರಿ. ಪ್ರಶ್ನೆ ಎಲ್ಲಾ ಕಾಗದದ ಮ್ಯಾಲ ಜರ್ಮನ್‌ನ್ಯಾಗ ಬರ್ಕೊಂಡು ಅವರ ಮುಂದ ಇಡ್ರಿ. ಜರ್ಮನ್ ವಿಷಯಕ್ಕ ಸದ್ಯ ಅಂಕಿ ಕೊಡೂದು ಬಿಟ್ಟು ಮಾತಿನ್ಯಾಗ ಬರದು ಕೊಡ್ತೀರೇನು ಅಂತ ಅದರಾಗ ಒಂದು ಸೇರಸ್ರಿ. ಅವರು ಹೇಳಿದ್ದನ್ನ ಸಂಜಿಕೆ ಮೇಲ್‌ನ್ಯಾಗ ವಾಪಸ್ ಬರದು ಕಳಸ್ರಿ. ಇಲ್ಲಿ ಬಾಯಿಮಾತಿಗಿಂತ ಕಾಗದಕ್ಕ ಬೆಲಿ ಹೆಚ್ಚು. ಶುಕ್ರವಾರ ಏನಾತು ಅಂತ ಇಲ್ಲೇ ಬರೀರಿ.